ರೈಫಲ್ ಮಾತ್ರ ಶಿಕಾಗೊಗೆ ಹೋಯಿತು

ಕಳೆದ ವಾರ ಗ್ಯಾರೇಜಿನ ಬಾಗಿಲು ರಿಪೇರಿಗೆ ಬಂದವನು ಅದರ ಕೀಲುಗಳಿಗೆಲ್ಲ ಎಣ್ಣೆ ಬಿಟ್ಟು ಹೋದ. ಆ ವಾಸನೆ ಸಂಜೆಯ ಹೊತ್ತಿಗೆ ಅಡುಗೆಮನೆಗೂ ಹಬ್ಬಿತ್ತು. ಹೆಂಡತಿ ಗೊಣಗುತ್ತಾ ಊದುಬತ್ತಿ ಹಚ್ಚಿದಳು. ನನಗೆ ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಬೇಸ್‌ಮೆಂಟ್ ನೆನಪಾಗಿ ಊಟ ಸೇರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಮಿಷಿಗನ್‌ನ ವಾರೆನ್‌ನಲ್ಲಿ ಕಾರಿನ ಬ್ರೇಕುಗಳ ವಿನ್ಯಾಸ ಮಾಡುವ ಕೆಲಸದಲ್ಲಿದ್ದೆ. ಮನೆ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ನಮ್ಮ ಪಕ್ಕದ ಮನೆಯಲ್ಲಿ ಮಡಿಕೇರಿ ಕಡೆಯ ಡಾಕ್ಟರೊಬ್ಬರಿದ್ದರು. ನಮಗೆಲ್ಲ ಅವರು ಅಂಕಲ್. ಅವರ ಬೇಸ್‌ಮೆಂಟಿನಲ್ಲಿ ಯಾವಾಗಲೂ ಬಂದೂಕಿನ ಎಣ್ಣೆಯ ವಾಸನೆ. ಕೊಡವರ ಆಯುಧಪೂಜೆಯಾದ ಕೈಲ್ ಮುಹೂರ್ತದ ದಿನ ಅವರು ತಮ್ಮ ರೈಫಲ್ಲನ್ನು ಮಣೆಯ ಮೇಲಿಟ್ಟು, ಗಂಧ ಹಚ್ಚಿ, ಅಂಗಡಿಯಿಂದ ತಂದ ಯಾವುದೋ ಹೂವಿಟ್ಟು ಕೈಮುಗಿಯುತ್ತಿದ್ದರು. ಮೈಸೂರಿನಲ್ಲಿ ದೀಪಾವಳಿಯ ಕೇಪಿನ ಪಿಸ್ತೂಲಿಗಿಂತ ದೊಡ್ಡದನ್ನು ಮುಟ್ಟಿರದ ನಾನು ನಾಲ್ಕು ಅಡಿ ದೂರದಲ್ಲೇ ನಿಂತು ಪ್ರಸಾದ ತೆಗೆದುಕೊಳ್ಳುತ್ತಿದ್ದೆ.

"ಹೆದರ್ಬೇಡ ಮಾರಾಯ, ಲೋಡ್ ಮಾಡಿಲ್ಲ. ನೀನು ಡ್ರೈವ್ ಮಾಡೋದು ನೋಡಿದ್ರೆ ನಿನ್ನ ಕಾರೇ ಡೇಂಜರ್," ಎಂದು ನಗುತ್ತಿದ್ದರು.

ಶಿಕಾಗೊದ ಹೊರವಲಯದಲ್ಲಿ ಅವರ ತಮ್ಮ ಇದ್ದ, ಅವನೂ ಡಾಕ್ಟರ್. ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ತಾಯಿ ತೀರಿಕೊಂಡಾಗ ತಮ್ಮನಿಗೆ ದೊಡ್ಡ ಪರೀಕ್ಷೆಯಿತ್ತಂತೆ. ಓದು ಕೆಡಬಾರದೆಂದು ಅಂಕಲ್ ಅವನಿಗೆ ತಿಳಿಸದೆ ಒಬ್ಬರೇ ಊರಿಗೆ ಹೋಗಿ ಎಲ್ಲ ಮುಗಿಸಿ ಬಂದಿದ್ದರು. ಒಳ್ಳೆಯದಕ್ಕೇ ಮಾಡಿದ್ದು, ನಿಜ. ಆದರೆ ಅಂಥದ್ದನ್ನು ಯಾರು ಕ್ಷಮಿಸುತ್ತಾರೆ...

ಒಂದು ಬೇಸಿಗೆಯಲ್ಲಿ ತಮ್ಮನ ಹೆಂಡತಿ ಫೋನಿನಲ್ಲಿ ಅಂಕಲ್‌ರ ಹೆಂಡತಿ, ಅಂದರೆ ನಮ್ಮ ಆಂಟಿಯ ಹತ್ತಿರ, ಈ ಸಲ ಪೂಜೆಗಿಡಲು ಇವರೂ ಒಂದು ರೈಫಲ್ ಹುಡುಕುತ್ತಿದ್ದಾರೆ ಎಂದಳಂತೆ. ಅಣ್ಣನದನ್ನೇ ಕೊಂಡುಕೊಳ್ಳಿ ಎಂದು ಆಂಟಿ ಹೇಳಿದ್ದಕ್ಕೆ ತಮ್ಮ ಬೇಡವೆನ್ನಲಿಲ್ಲವಂತೆ. ಅಂದು ಸಂಜೆಯೇ ಅಂಕಲ್ ನಮ್ಮ ಮನೆಗೆ ಬಂದರು. ಕಣ್ಣಿನ ಆಪರೇಷನ್ ಆಗಿ ಹೈವೇ ಡ್ರೈವ್ ಮಾಡಬಾರದೆಂದು ಅವರಿಗೆ ಕಟ್ಟಪ್ಪಣೆಯಾಗಿತ್ತು.

"ಒಂದು ವೀಕೆಂಡ್ ನನ್ನನ್ನ ಶಿಕಾಗೊಗೆ ಕರ್ಕೊಂಡು ಹೋಗ್ತೀಯಾ? ಸುಮ್ನೆ ಹೋದ್ರೆ ಅವನು ಬಾಗಿಲು ತೆಗೆಯೋಲ್ಲ. ಮಾರೋಕೆ ಅಂತ ಹೋದ್ರೆ ತೆಗೀತಾನೆ."

ಆಗಲಿ ಎಂದೆ. ರಾತ್ರಿ ಮಲಗಿದ ಮೇಲೆ ಹೆದರಿಕೆ ಶುರುವಾಯಿತು. ನನ್ನ ಸಿಟಿಜನ್‌ಶಿಪ್ ಇಂಟರ್‌ವ್ಯೂ ಹತ್ತಿರದಲ್ಲಿತ್ತು. ಮಿಷಿಗನ್ ಬಿಟ್ಟು ಇಂಡಿಯಾನಾ ದಾಟಿ ಇಲಿನಾಯ್ ಸೇರಬೇಕು. ನನ್ನಂಥವನ ಕಾರಿನ ಟ್ರಂಕಿನಲ್ಲಿ ರೈಫಲ್, ಹಿಂದೆ ಪೊಲೀಸ್ ಕಾರಿನ ದೀಪ... ಕಲ್ಪಿಸಿಕೊಂಡೇ ಬೆವತೆ. ಮರುದಿನ ಕೆಲಸ ಮುಗಿಸಿ ವಾರೆನ್‌ನ ಒಂದು ಬಂದೂಕಿನ ಅಂಗಡಿಗೆ ಹೋಗಿ ವಿಚಾರಿಸಿದೆ.

ಅಂಗಡಿಯವನು ತಾಳ್ಮೆಯ ಮನುಷ್ಯ. ಅರವತ್ತೆಂಟರ ಕಾನೂನು ಬಂದ ಮೇಲೆ ಬೇರೆ ರಾಜ್ಯದಲ್ಲಿರುವವರಿಗೆ ನೇರವಾಗಿ ಕೈಗೆ ಕೊಟ್ಟು ಮಾರುವಂತಿಲ್ಲ, ಒಡಹುಟ್ಟಿದವರಾದರೂ ಅಷ್ಟೇ ಎಂದ. ಕೊಳ್ಳುವವನ ರಾಜ್ಯದಲ್ಲಿ ಲೈಸೆನ್ಸ್ ಇರುವ ಅಂಗಡಿಯ ಮೂಲಕವೇ ಆಗಬೇಕು. ಇಲಿನಾಯ್‌ನವನಾದರೆ ಬಂದೂಕು ಇಟ್ಟುಕೊಳ್ಳಲು ಆ ರಾಜ್ಯ ಕೊಡುವ ಕಾರ್ಡೂ ಬೇಕು. ರೈಫಲ್ ಅಲ್ಲಿಗೆ ತಲುಪಿಸಲು ಎರಡು ದಾರಿ. ಇಲ್ಲಿಂದಲೇ ಅಲ್ಲಿನ ಅಂಗಡಿಗೆ ಕಳಿಸಬಹುದು. ಅಥವಾ ಗುಂಡು ತೆಗೆದು, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಟ್ರಂಕಿನಲ್ಲಿ ತೆಗೆದುಕೊಂಡು ಹೋಗಿ ಆ ಅಂಗಡಿಗೆ ನೀವೇ ಕೊಡಬಹುದು. ತಮ್ಮನೂ ಅಲ್ಲಿಗೇ ಬರಲಿ, ಅಣ್ಣನ ಎದುರಿಗೇ ತೆಗೆದುಕೊಳ್ಳಲಿ, ಯಾವ ತಕರಾರೂ ಇಲ್ಲ ಎಂದ.

ನಾನು ಎರಡನ್ನೂ ಸರಿಯಾಗಿ ಕೇಳಿಸಿಕೊಂಡೆ. ಅಂಕಲ್‌ಗೆ ಒಂದನ್ನೇ ಹೇಳಿದೆ. ಹೆದರಿಕೆಯಿತ್ತು, ಒಪ್ಪಿಕೊಳ್ಳುತ್ತೇನೆ. ಶನಿವಾರ ಭಾನುವಾರ ಎರಡೂ ಹಾಳಾಗುತ್ತವಲ್ಲ ಎಂಬ ಸೋಮಾರಿತನವೂ ಇತ್ತು. ಅದಕ್ಕಿಂತ ನಾಚಿಕೆಯ ವಿಷಯವೆಂದರೆ, ಸಮಸ್ಯೆ ಎಷ್ಟು ಚೆನ್ನಾಗಿ ಬಗೆಹರಿಸಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ.

"ಹಾಗಾದ್ರೆ ನಾವು ಹೋಗೋದೇ ಬೇಡ್ವಾ?" ಎಂದರು ಅಂಕಲ್.

"ಬೇಡ ಅಂಕಲ್. ಎಲ್ಲಾ ಅಂಗಡಿಯವರೇ ಹ್ಯಾಂಡಲ್ ಮಾಡ್ತಾರೆ. ಲಾ ಹಾಗಿದೆ."

ಅವರು ವಾದ ಮಾಡಲಿಲ್ಲ. ಲಾ ಎಂದ ಮೇಲೆ ನಮ್ಮ ಕಾಲದವರು ಯಾರೂ ಎದುರು ಮಾತಾಡುತ್ತಿರಲಿಲ್ಲ. ಈ ದೇಶದಲ್ಲಿ ಅತಿಥಿಗಳ ಹಾಗೆ ಬದುಕುತ್ತಿದ್ದವರು ನಾವು. ಬೇಸ್‌ಮೆಂಟಿಗೆ ಹೋಗಿ ಬಹಳ ಹೊತ್ತು ರೈಫಲ್ ಒರೆಸುತ್ತಾ ಕೂತರು. ಮೇಲೆ ಆಂಟಿ ನನಗೆ ಕಾಫಿ ಕೊಟ್ಟರು. ಮುಂದಿನ ವಾರ ನಾನೇ ಅವರನ್ನು ವಾರೆನ್‌ನ ಅಂಗಡಿಗೆ ಕರೆದುಕೊಂಡು ಹೋದೆ. ಟ್ರಂಕಿನಲ್ಲಿ ರೈಫಲ್ ಇತ್ತು. ಯಾವ ಪೊಲೀಸನೂ ನಮ್ಮ ಕಡೆ ತಿರುಗಿ ನೋಡಲಿಲ್ಲ.

ಮುಂದಿನ ವಸಂತದಲ್ಲಿ ಅಂಕಲ್ ಹೃದಯಾಘಾತದಿಂದ ಹೋದರು. ತಮ್ಮ ಅಂದೇ ಶಿಕಾಗೊದಿಂದ ಡ್ರೈವ್ ಮಾಡಿಕೊಂಡು ಬಂದ. ನಾನು ಅವನನ್ನು ನೋಡಿದ್ದು ಅದೇ ಮೊದಲು. ಅಣ್ಣನದೇ ಹಣೆ, ಅಣ್ಣನದೇ ನಿಲುವು. ಎಲ್ಲ ಮುಗಿದ ಮೇಲೆ ಪಾರ್ಕಿಂಗ್ ಲಾಟಿನಲ್ಲಿ ನನ್ನ ಹತ್ತಿರ ಬಂದ.

"ರೈಫಲ್ ಕಳಿಸೋಕೆ ಹೆಲ್ಪ್ ಮಾಡಿದ್ದು ನೀವೇ ಅಲ್ವಾ? ಅಣ್ಣನೇ ತಗೊಂಡು ಬರ್ತಾನೆ ಅಂತ ನನ್ನ ವೈಫ್ ಹೇಳಿದ್ಳು. ಗೆಸ್ಟ್ ರೂಮ್ ರೆಡಿ ಮಾಡಿಟ್ಟಿದ್ವಿ. ಆಮೇಲೆ ನೋಡಿದ್ರೆ ಅಂಗಡಿಯವನು ಫೋನ್ ಮಾಡಿದ, ಪಾರ್ಸಲ್ ಬಂದಿದೆ ಅಂತ." ಜೇಬಿನಿಂದ ಕಾರಿನ ಕೀಲಿ ತೆಗೆದ. "ಅಣ್ಣನಿಗೆ ನನ್ನ ಮುಖ ನೋಡೋದು ಇಷ್ಟ ಇರ್ಲಿಲ್ಲ ಅನ್ಸುತ್ತೆ."

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ.

"ಲಾ ಹಾಗಿತ್ತು," ಎಂದೆ.

ಅವನು ತಲೆಯಾಡಿಸಿ ಕಾರು ಹತ್ತಿದ. ಆಮೇಲೆ ಆಂಟಿ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ನಾವು ರಾಚೆಸ್ಟರ್ ಹಿಲ್ಸ್‌ಗೆ ಬಂದೆವು. ಫೋನ್ ಮಾಡಬೇಕು ಎಂದುಕೊಳ್ಳುತ್ತಲೇ ವರ್ಷಗಳು ಕಳೆದವು... ಈಗ ಆ ತಮ್ಮನೂ ಇಲ್ಲ. ಯಾರಿಗೆ ಹೇಳಬೇಕಿತ್ತೋ ಅವರು ಕೇಳಿಸಿಕೊಳ್ಳಲಾರದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ. ಸ್ವಾಮಿ, ನಿಮ್ಮಣ್ಣ ನಿಮ್ಮ ಮನೆಗೆ ಬರಲು ತಯಾರಾಗಿದ್ದರು. ಬೇಡವೆಂದವನು ನಾನು.