ಕಂಠಪೂರ್ತಿ ನೀರು

ನನ್ನ ಕಾರಿನ ಬಗ್ಗೆ ನನಗಿಂತ ಹೆಚ್ಚು ಮಾತಾಡಿದವರು ಮೂವರು. ಪರ್ತ್‌ನ ಸದರ್ನ್ ರಿವರ್‌ನಲ್ಲಿರುವ ದೊಡ್ಡಪ್ಪನ ಮಗ, ಗಣಿಯಲ್ಲಿ ಭೂವಿಜ್ಞಾನಿ. ಬ್ರಿಸ್ಬೇನ್‌ನಲ್ಲಿರುವ ಅಕ್ಕನ ಗಂಡ, ಸಾಫ್ಟ್‌ವೇರ್ ಎಂಜಿನಿಯರ್. ಮೂರನೆಯವರು ಇಲ್ಲಿ ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿ ನನ್ನ ಫ್ಲ್ಯಾಟಿನ ಕೆಳಗೇ ಇರುವ ಅಂಕಲ್, ಮೈಸೂರಿನವರು, ನಿವೃತ್ತರು. ಕಾರು ಚಿಕ್ಕದು, ಸೆಕೆಂಡ್ ಹ್ಯಾಂಡ್, ನನ್ನದು. ಈ ಕೊನೆಯ ಸಂಗತಿ ಮೂವರಿಗೂ ಅಷ್ಟು ಮುಖ್ಯವಾಗಿ ಕಂಡಂತಿರಲಿಲ್ಲ.

ನಾನು ಆಸ್ಪತ್ರೆಯೊಂದರಲ್ಲಿ ಕಿವಿ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನಮ್ಮ ವಿಭಾಗದಿಂದ ಒಬ್ಬರು ಹದಿನೈದು ದಿನಕ್ಕೊಮ್ಮೆ ಒಳನಾಡಿನ ಊರೊಂದರ ಕ್ಲಿನಿಕ್‌ಗೆ ಹೋಗುತ್ತಾರೆ. ಅಲ್ಲಿ ಇಡೀ ದಿನದ ಕೆಲಸ ಒಬ್ಬರದೇ, ತೀರ್ಮಾನಗಳೂ ಅವರವೇ. ಆ ಸರದಿ ನನಗೆ ಬೇಕಿತ್ತು. ಯಾವುದನ್ನೂ ಅಷ್ಟು ಬಾಯಿಬಿಟ್ಟು ಕೇಳಿದವಳಲ್ಲ ನಾನು. ಮುಖ್ಯಸ್ಥೆ ಒಪ್ಪಿದರು. ಆದರೆ ದಾರಿ ದೂರ, ಮಧ್ಯೆ ಊರುಗಳಿಲ್ಲ, ಕಾರು ನಂಬುವಂತಿರಬೇಕು ಎಂದರು. ಮರುವಾರವೇ ಸರ್ವೀಸ್ ಮಾಡಿಸಿದೆ.

ಮನೆಯವರ ವೀಡಿಯೊ ಕಾಲ್‌ನಲ್ಲಿ ಅದನ್ನು ಹೇಳಿದ್ದೇ ತಪ್ಪಾಯಿತು.

"ಐದು ಸಾವಿರ ಕಿಲೋಮೀಟರ್‌ಗೊಂದ್ಸಲ ಆಯಿಲ್ ಚೇಂಜ್ ಮಾಡಿಸ್ಬೇಕು. ಇಲ್ಲಿ ಧೂಳು ಹೆಂಗಿರುತ್ತೆ ಗೊತ್ತಾ?" ಎಂದ ಪರ್ತ್‌ನ ಅಣ್ಣ.

"ಅವಳಿರೋದು ಬೀಚ್ ಪಕ್ಕ, ನಿನ್ನ ಗಣಿ ಒಳಗಲ್ಲಪ್ಪ," ಎಂದರು ಭಾವ. "ಬುಕ್ಕಲ್ಲಿ ಹದಿನೈದು ಸಾವಿರ ಅಂತಿದೆ. ಮಿಕ್ಕಿದ್ದೆಲ್ಲ ವರ್ಕ್‌ಶಾಪ್‌ನವರ ಹೊಟ್ಟೆಪಾಡು."

"ಬುಕ್ ಬರೆದೋರು ಕಾರು ಮಾರೋರೇ ಅಲ್ವಾ ಭಾವ? ಬೇಗ ಕೆಟ್ರೆ ಇನ್ನೊಂದು ಮಾರ್ತಾರೆ."

ನಾನು ಹತ್ತು ಸಾವಿರಕ್ಕೆ ಮಾಡಿಸಿದ್ದೇನೆ ಎಂದೆ. ಇಬ್ಬರೂ ಒಟ್ಟಿಗೇ ಕೇಳಿದರು, "ಯಾರು ಹೇಳಿದ್ದು?"

ನಾನೇ ಓದಿ, ನಾನೇ ಯೋಚಿಸಿದೆ ಎಂಬ ಉತ್ತರ ಅವರಿಗೆ ಉತ್ತರವಾಗಿ ಕೇಳಿಸಲಿಲ್ಲ. ಮತ್ತೆ ವಾದಕ್ಕಿಳಿದರು.

ಕೆಳಗಿನ ಮನೆಯ ಅಂಕಲ್‌ಗೆ ಕಿಲೋಮೀಟರುಗಳಲ್ಲಿ ನಂಬಿಕೆಯಿಲ್ಲ. "ಅದೆಲ್ಲ ಬಿಡಮ್ಮ. ನೀರು, ಗಾಳಿ, ಎರಡು ನೋಡ್ಕೊಂಡ್ರೆ ಗಾಡಿ ಯಾವತ್ತೂ ಕೈ ಬಿಡಲ್ಲ," ಎನ್ನುತ್ತಿದ್ದರು. ಗಾಳಿ ಎಂದರೆ ಟೈರಿನದು, ನೀರು ಎಂದರೆ ರೇಡಿಯೇಟರಿನದು. ಮೈಸೂರಿನಲ್ಲಿ ಅವರು ದಿನಾ ಬೆಳಿಗ್ಗೆ ಚೊಂಬಿನಲ್ಲಿ ನೀರು ತಂದು ಹುಯ್ದ ಮೇಲೇ ಕಾರು ತೆಗೆಯುತ್ತಿದ್ದರಂತೆ. ನನ್ನ ಕಾರಿನಲ್ಲಿರುವುದು ನೀರಲ್ಲ, ಎಂಜಿನ್ ತಣ್ಣಗಿಡುವ ಕೂಲೆಂಟ್; ಗುಲಾಬಿ ಬಣ್ಣದ್ದು, ಬೆರೆಸಿಯೇ ಬರುತ್ತದೆ, ಡಬ್ಬಿಯ ಮೇಲಿನ ಗೆರೆ ಮೀರಿ ತುಂಬಿಸಬಾರದು ಎಂದು ಒಮ್ಮೆ ಬಾನೆಟ್ ಎತ್ತಿ ತೋರಿಸಿದ್ದೆ. ತಲೆಯಾಡಿಸಿದ್ದರು.

ಮೊದಲ ಸರದಿಗೆ ಮುಂಚೆ ಒಂದು ವಾರ ಬ್ರಿಸ್ಬೇನ್‌ಗೆ, ಅಕ್ಕನ ಮನೆಗೆ ಹೋದೆ. ಫ್ಲ್ಯಾಟುಗಳಿಗೆ ಬಣ್ಣ ಬಳಿಯುತ್ತಿದ್ದರು. ಕಾರನ್ನು ಅತ್ತಿತ್ತ ಸರಿಸಬೇಕಾಗಿ ಬಂದೀತೆಂದು ಎರಡು ಬೀಗದಕೈಗಳಲ್ಲಿ ಒಂದನ್ನು ಅಂಕಲ್‌ಗೆ ಕೊಟ್ಟು, "ಕಾರು ಸ್ವಲ್ಪ ನೋಡ್ಕೊಳ್ಳಿ ಅಂಕಲ್," ಎಂದೆ. ಭಾನುವಾರ ವಾಪಸು ಬಂದಾಗ ಅಂಕಲ್ ಮನೆಯಲ್ಲಿರಲಿಲ್ಲ. ಸೋಮವಾರ ಬೆಳಿಗ್ಗೆ ನನ್ನ ಬೀಗದಕೈಯಿಂದಲೇ ಕಾರು ತೆಗೆದು ಹೊರಟೆ.

ದಾರಿ ಚೆನ್ನಾಗಿತ್ತು. ಮುಖ್ಯಸ್ಥೆ ಆ ದಿನ ಮಾತ್ರ ಅಲ್ಲಿನವರಿಗೆ ನನ್ನನ್ನು ಪರಿಚಯಿಸಲು ತಮ್ಮ ಕಾರಿನಲ್ಲಿ ಬಂದಿದ್ದರು. ಮಧ್ಯಾಹ್ನ ಹೊರಗೆ ಹೋಗಿ ಬಂದವರು, "ಆ ಬಿಳಿ ಕಾರು ನಿನ್ನದೇ? ಕೆಳಗೆ ಏನೋ ಸೋರುತ್ತಿದೆ," ಎಂದರು. ಹೋಗಿ ನೋಡಿದೆ. ಕಾಂಕ್ರೀಟಿನ ಮೇಲೆ ತೆಳು ಗುಲಾಬಿ ನೀರು ಹರಡಿತ್ತು.

ಅಣ್ಣನಿಗೆ ಫೋನ್ ಮಾಡಿದೆ. "ಗ್ಯಾಸ್ಕೆಟ್ ಹೋಗಿರುತ್ತೆ. ಐದು ಸಾವಿರಕ್ಕೆ ಮಾಡ್ಸು ಅಂದ್ನಲ್ಲ." ಭಾವನಿಗೆ ಮಾಡಿದೆ. "ಎಸಿ ನೀರು, ಬಿಡು." ಎಸಿ ನೀರಿಗೆ ಬಣ್ಣವಿರುವುದಿಲ್ಲ ಭಾವ ಎಂದರೆ, "ಏನಾಗಲ್ಲ ಬಿಡು," ಎಂದರು. ಕೊನೆಗೆ ಅಂಕಲ್‌ಗೆ ಮಾಡಿದೆ.

"ನೀರಾ? ತಳದಲ್ಲಿತ್ತಮ್ಮ, ಪಾಪ. ಕಂಠಪೂರ್ತಿ ತುಂಬಿಸಿಟ್ಟಿದ್ದೀನಿ. ನೀನೇ ಹೇಳಿದ್ಯಲ್ಲ, ನೋಡ್ಕೊಳ್ಳಿ ಅಂತ."

ನಲ್ಲಿ ನೀರು. ತಣ್ಣಗಿದ್ದಾಗ ಗೆರೆಯಲ್ಲೇ ಇದ್ದುದು ಅವರ ಕಣ್ಣಿಗೆ ತಳವಾಗಿ ಕಂಡಿತ್ತು. ಕತ್ತಿನವರೆಗೆ ತುಂಬಿದ್ದು ದೂರ ಓಡಿ ಕಾದು, ಉಕ್ಕಿ, ಹೊರಗೆ ಚೆಲ್ಲಿತ್ತು. ಕಾರು ಕೆಟ್ಟಿರಲಿಲ್ಲ. ಹಾಗೆಂದು ಮುಖ್ಯಸ್ಥೆಗೆ ಹೇಳಿದೆ. ಹೇಳುತ್ತಿರುವಾಗಲೇ ಅದು ನೆಪದಂತೆ ಕೇಳಿಸಿತು. ಸ್ವಂತ ಕಾರಿಗೆ ಯಾರು ಏನು ಹುಯ್ದರೆಂದು ತಿಳಿಯದವಳ ಮಾತು. ಅವರು ಸೌಜನ್ಯದಿಂದಲೇ ಹೇಳಿದರು: "ಸದ್ಯಕ್ಕೆ ನೀನು ಇದುವರೆಗೆ ಇಲ್ಲಿಗೆ ಬರುತ್ತಿದ್ದ ಸಹೋದ್ಯೋಗಿಯ ಜೊತೆ ಅವನ ಕಾರಿನಲ್ಲಿ ಬಾ. ಇಬ್ಬರೂ ಸೇರಿ ನೋಡಿಕೊಳ್ಳಿ."

ಕೂಲೆಂಟ್ ಪೂರ್ತಿ ತೆಗೆಸಿ ಹೊಸದು ಹಾಕಿಸಿದೆ. ವರ್ಕ್‌ಶಾಪ್‌ಗೆ ಎರಡೂ ಬೀಗದಕೈ ಬೇಕಂತೆ ಎಂದು ಅಂಕಲ್‌ರಿಂದ ಒಂದನ್ನು ಈಸಿಕೊಂಡೆ. ಹಿರಿಯರಿಗೆ ಬೇರೆ ಹೇಗೆ ಹೇಳುವುದು? "ನೀರು ನೋಡೋಕೆ ಹೇಳಮ್ಮ ಅವ್ರಿಗೆ," ಎಂದರು. ಆಗಲಿ ಅಂಕಲ್ ಎಂದೆ.

ಮುಂದಿನ ಸರದಿಗೆ ಸಹೋದ್ಯೋಗಿಯ ಪಕ್ಕ ಕುಳಿತು ಹೋದೆ. ಸ್ಟಿಯರಿಂಗ್ ಹಿಂದೆ ಹಳದಿ ದೀಪವೊಂದು ಉರಿಯುತ್ತಿತ್ತು. ಸರ್ವೀಸ್ ಬಾಕಿಯಿದೆ ಎಂಬ ದೀಪ. ತೋರಿಸಿದೆ.

"ಅದಾ? ಚಳಿಗಾಲದಿಂದ ಹಾಗೇ ಇದೆ," ಎಂದು ಅವನು ಅದರ ಮೇಲೊಮ್ಮೆ ಬೆರಳಿನಿಂದ ತಟ್ಟಿ, ಇಲ್ಲಿಯವರು ಹೇಳುವಂತೆ ಹೇಳಿದ, "ಶೀ'ಲ್ ಬಿ ರೈಟ್."

ಭಾವನೂ ಅದನ್ನೇ ಹೇಳಿದ್ದರು, ಕನ್ನಡದಲ್ಲಿ: ಏನಾಗಲ್ಲ ಬಿಡು. ಅವನ ಕಾರು ಸೋರುತ್ತಿರಲಿಲ್ಲ, ಅಷ್ಟೆ. ಮೊದಲ ರೋಗಿಯನ್ನು ಯಾರು ನೋಡುವುದೆಂದು ಅವನು ಕೇಳಿದ. ನೀನೇ ನೋಡು ಎಂದೆ. ಕ್ಲಿನಿಕ್ ತಲುಪುವವರೆಗೂ ಆ ದೀಪ ಆರಲಿಲ್ಲ.