ಹಿಮ್ಮಡಿಗೆ ಗಟ್ಟಿಯೆನಿಸಿದ ಹಿಮ

ನಮ್ಮ ಹಿರೇನಲ್ಲೂರಿನ ಕಡೆ ಮಳೆ ನಿಂತ ಮೇಲೆ ಹೊಲಕ್ಕೆ ಎತ್ತು ಇಳಿಸಬಹುದೋ ಇಲ್ಲವೋ ಎಂದು ನೋಡುವುದಕ್ಕೆ ಹಿಮ್ಮಡಿ ಊರಿ, ಮೈಭಾರ ಬಿಟ್ಟು, ಒಮ್ಮೆ ತಿರುವುತ್ತೇವೆ. ಹೂತುಕೊಳ್ಳದಿದ್ದರೆ ಎತ್ತು ಇಳಿಸಬಹುದು. ತಾತ ಕಲಿಸಿದ್ದು. ಟ್ರ್ಯಾಕ್ಟರ್ ಬಂದ ಮೇಲೂ ಅಕ್ಕಪಕ್ಕದವರು ನನ್ನನ್ನು ಕರೆದು ಕಾಲಿಡಿಸುತ್ತಾರೆ. ಸುಳ್ಳೇಕೆ, ಆ ಹೆಮ್ಮೆ ನನಗಿತ್ತು.

ಅದನ್ನು ಹೊತ್ತುಕೊಂಡೇ ಹೋದ ಚಳಿಗಾಲ ಹಿಮಾಚಲದ ಬೆಟ್ಟವೊಂದನ್ನು ಹತ್ತಿದೆ. ತಂಗಿಯ ಮಗಳು ಅಜ್ಜಂಪುರದಲ್ಲಿ ದನದ ಡಾಕ್ಟರು. ಕಾಲಿಗೆ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಹುಚ್ಚು ಅವಳಿಗೆ. ಅದೂ ಜನ ಸೇರುವ ಜಾಗದಲ್ಲಲ್ಲ, ಯಾರೂ ತುಳಿಯದ ಇಳಿಜಾರಿನಲ್ಲಿ. "ಅಣ್ಣ, ನೀನು ಜೊತೇಲಿದ್ರೆ ಮಾತ್ರ ಕಳಿಸ್ತೀನಿ" ಎಂದು ತಂಗಿ ಹಟ ಹಿಡಿದಳು.

ಎರಡು ದಿನ ಹಿಮ ಸುರಿದು, ಗಾಳಿ ಬೀಸಿ, ಅಂದು ಬಿಸಿಲು ಬಂದಿತ್ತು. ಹಿಮಕುಸಿತದ ಅಪಾಯ ಹೆಚ್ಚೆಂದು ಬೆಳಗ್ಗೆಯೇ ಎಚ್ಚರಿಕೆ ಬಂದಿತ್ತು. ಒಳಗಿನ ಹಿಮದ ಪದರ ನೋಡದೆ ಯಾರೂ ಇಳಿಯಕೂಡದು ಎಂದು ನಮ್ಮ ಗೈಡ್, ಆ ಊರಿನವನೇ, ಸಲಿಕೆ ತೆಗೆದು ಗುಂಡಿ ತೋಡತೊಡಗಿದ. ನಾನು ಸುಮ್ಮನಿರಬೇಕಿತ್ತು. ಇಳಿಜಾರಿನ ಅಂಚಿನಲ್ಲಿ ಹಿಮ್ಮಡಿ ಊರಿ ತಿರುವಿದೆ. ಕಲ್ಲಿನ ಹಾಗಿತ್ತು.

"ಗಟ್ಟಿ ಇದೆ ಕಣೇ. ಜೋಡೆತ್ತಿನ ಗಾಡಿ ಹೊಡೀಬಹುದು."

"ಮಾವ ಸರ್ಟಿಫಿಕೇಟ್ ಕೊಟ್ಟಾಯ್ತಲ್ಲ, ಇನ್ನೇನು" ಎಂದು ನಕ್ಕಳು. ಅವಳಿಗೂ ಬೇಕಾಗಿದ್ದದ್ದು ಅಷ್ಟೇ. ಗೈಡ್ ಗುಂಡಿಯಿಂದ ತಲೆ ಎತ್ತುವಷ್ಟರಲ್ಲಿ ಇಳಿಜಾರಿಗೆ ಅಡ್ಡಲಾಗಿ ಇಪ್ಪತ್ತು ಮಾರು ಹೋಗಿಬಿಟ್ಟಿದ್ದಳು.

ಆಗ ಸದ್ದು ಬಂತು. ಪಕ್ಕದ ಕೋಣೆಯಲ್ಲಿ ರಾಗಿ ಮೂಟೆ ಕೆಡವಿದ ಹಾಗೆ, ಧುಪ್ ಎಂದು. ನನ್ನ ಕಾಲಡಿಯ ಹಿಮ ಒಂದು ಬೆರಳಷ್ಟು ಕುಸಿಯಿತು. ಅವಳ ಮೇಲ್ಗಡೆ ಕೂದಲೆಳೆಯಂಥ ಬಿರುಕೊಂದು ಉದ್ದಕ್ಕೆ ಹರಿಯಿತು.

ಅಲುಗಬೇಡ ಎಂದು ಗೈಡ್ ಅವಳಿಗೆ ಹಿಂದಿಯಲ್ಲಿ ಕೂಗಿದ. ನನ್ನ ತೋಳು ಹಿಡಿದು ಗುಂಡಿ ತೋರಿಸಿದ. ಮೇಲೆ ಗಾಳಿ ಬಿಗಿದ ಹಲಗೆಯಂಥ ಪದರ. ಕೆಳಗೆ ಸಕ್ಕರೆಯಂತೆ ಸಡಿಲ ಹರಳು, ಬೆರಳಿಟ್ಟರೆ ಉದುರುತ್ತಿತ್ತು. ನಮ್ಮ ಹೊಲದಲ್ಲಿ ಮೇಲೆ ಗಟ್ಟಿಯಿದ್ದರೆ ಕಾಲು ಹೂತುಕೊಳ್ಳುವುದಿಲ್ಲ. ಇಲ್ಲಿ ಆ ಗಟ್ಟಿಯೇ ಇಡಿಯಾಗಿ ಜಾರಿ ಮನುಷ್ಯರನ್ನು ಹೂಳುತ್ತದೆ.

"ಮಾವ, ಏನ್ ಮಾಡ್ಲಿ?" ಅವಳ ದನಿ ಸಣ್ಣಗಾಗಿತ್ತು.

"ಇವರು ಹೇಳ್ದಂಗೆ ಮಾಡೇ. ನನ್ ಮಾತು ಕೇಳ್ಬೇಡ."

ಗೈಡ್ ಕೂಗಿ ಹೇಳಿದಂತೆ ಅವಳು ನಿಧಾನವಾಗಿ ತಿರುಗಿ, ಬಂದ ಜಾಡಿನಲ್ಲೇ ಸ್ಕೀಯನ್ನು ಎತ್ತದೆ ಜರುಗಿಸುತ್ತ ಬಂದಳು. ನಾನು ಉಸಿರು ಬಿಟ್ಟರೂ ಬಿರುಕು ಬಾಯ್ದೆರೆದೀತು ಎಂದು ಕೈಗವಸನ್ನು ಬಾಯಿಗೆ ಒತ್ತಿಕೊಂಡಿದ್ದೆ. ಮನೆದೇವರ ಹೆಸರೂ ನೆನಪಾಗಲಿಲ್ಲ. ತಂಗಿಗೆ ಯಾವ ಬಾಯಲ್ಲಿ ಹೇಳಲಿ ಎಂಬುದೊಂದೇ ತಲೆಯಲ್ಲಿ. ಕೈಗೆಟುಕಿದಾಗ ಅವಳ ಜಾಕೆಟ್ ಹಿಡಿದೆಳೆದೆ. ಇಳಿಜಾರು ಜಾರಲಿಲ್ಲ. ಏನೂ ಆಗದ ಹಾಗೆ ಬೆಳ್ಳಗೆ ಬಿದ್ದಿತ್ತು. ನನಗೆ ಅದೇ ಹೆಚ್ಚು ಭಯವಾಯಿತು.

"ಬಿಡು ಮಾವ, ಜಾಕೆಟ್ ಹರಿಯುತ್ತೆ." ಕೆಳಗಿಳಿಯುವವರೆಗೂ ಬಿಡಲಿಲ್ಲ.

ಸಂಜೆ ತಂಗಿ ಫೋನ್ ಮಾಡಿದಳು. "ಹೆಂಗಿದೆಯಣ್ಣ ಅಲ್ಲಿ? ನೀನಿದ್ದೀಯಲ್ಲ, ನಂಗೇನ್ ಭಯ."

ಮಗಳು ಫೋನ್ ಕಸಿದು, "ನಾಳೆ ವಾಪಸ್ ಹೊರಟ್ವಿ ಕಣಮ್ಮ, ಹಿಮ ಸರಿಯಿಲ್ಲ" ಎಂದು ಮುಗಿಸಹೊರಟಳು. ನಾನು ಫೋನ್ ಇಸಿದುಕೊಂಡು, ನನ್ನ ಮಾತಿನ ಮೇಲೆಯೇ ಅವಳು ಇಳಿದದ್ದು ಎಂಬುದನ್ನೂ ಸೇರಿಸಿ ಎಲ್ಲ ಹೇಳಿದೆ.

ತಂಗಿ ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ, "ಅವಳ್ನ ಮನೆಗೆ ಕರ್ಕೊಂಡ್ ಬಾ" ಎಂದಳು. ಅಣ್ಣ ಎನ್ನಲಿಲ್ಲ.