ಕೇಸುಪಟ್ಟಿಯ ಆಚೆ ಬದಿ

ಮಗಳು ಮೋಹಿನಿಗೆ ಏಳು ತುಂಬಿದರೂ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲೇ ಉತ್ತರ. ಬೇಡ ಎನ್ನಲಿಕ್ಕೂ ‘ವೇಂಡ’. ಹೇಳಿ ಹೇಳಿ ಸುಮಿತ್ರೆಯ ಬಾಯಿ ಒಣಗಿತ್ತು. ಕೊನೆಗೆ ತನ್ನ ಬಾಳನ್ನೇ ಚಿತ್ರದ ಪುಸ್ತಕ ಮಾಡಿ ಓದಿಸುತ್ತೇನೆಂದು ಹಟ ಹಿಡಿದು ಕುಳಿತಳು. ಆಗ, ಸಾವಿರದ ಒಂಬೈನೂರ ಐವತ್ತೆಂಟರಲ್ಲಿ, ಅವರಿದ್ದದ್ದು ಕೊಚ್ಚಿಯಲ್ಲಿ. ಗಂಡ ರಘುರಾಮ ಕೋರ್ಟಿನ ಗುಮಾಸ್ತ.

ಕಾಗದಕ್ಕೆ ಬರವಿರಲಿಲ್ಲ. ದಿನ ಕಳೆದ ಕೇಸುಪಟ್ಟಿಗಳನ್ನು ಅವನು ಮನೆಗೆ ತರುತ್ತಿದ್ದ. ಒಂದು ಬದಿ ಅಚ್ಚು, ಇನ್ನೊಂದು ಖಾಲಿ. ಬಣ್ಣವೆಂದರೆ ಅವನದೇ ಕೆಂಪು-ನೀಲಿ ಪೆನ್ಸಿಲು. ಕುಂಬಳೆಯ ತವರಿನ ಬಾವಿ ನೀಲಿ, ಅತ್ತೆ ಕೆಂಪು. ಏಳನೇ ಕ್ಲಾಸಿಗೆ ಮೊದಲಿಗಳಾದ ಹುಡುಗಿ, ಅವಳ ಪುಸ್ತಕಗಳನ್ನು ಅಟ್ಟಕ್ಕೇರಿಸುವ ಅಪ್ಪ. ಆ ಚಿತ್ರ ಬರೆಯುವಾಗ ಹದಿನೆಂಟು ವರ್ಷದ ಹಿಂದಿನ ಸಿಟ್ಟು ಮತ್ತೆ ಏರಿ ಮೊನೆ ಎರಡು ಸಲ ಮುರಿಯಿತು. ಪ್ರತಿ ಚಿತ್ರದ ಕೆಳಗೂ ದಪ್ಪಕ್ಷರದಲ್ಲಿ ಒಂದು ಸಾಲು ಕನ್ನಡ. ಧೂಳು ಕೂರಬಾರದೆಂದು ಚಿತ್ರ ಕೆಳಗಾಗಿ ಪೇರಿಸಿಟ್ಟಳು. ಹದಿನಾಲ್ಕು ಹಾಳೆ ಮುಗಿದು ಹೊಲಿಯುವುದೊಂದೇ ಬಾಕಿ ಎನ್ನುವಾಗ ಗಂಡನಿಗೆ ತಿರುವನಂತಪುರಕ್ಕೆ ವರ್ಗವಾಯಿತು.

ಸಾಮಾನು ಕಟ್ಟಿದವನು ರಘುರಾಮ. ಅಲ್ಲಿಯ ಉಳ್ಳೂರಿನ ಬಾಡಿಗೆ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದರೆ, ಉಪ್ಪಿನಕಾಯಿ ಭರಣಿಗೆ ತವರಿನ ಬಾವಿ ಸುತ್ತಿತ್ತು, ಗಾಜಿನ ಲೋಟದೊಳಗೆ ಅತ್ತೆ ಮುದ್ದೆಯಾಗಿದ್ದರು.

“ನಿಮಗೆ ಕಣ್ಣು ಉಂಟಾ ಮಾರಾಯ್ರೇ? ನನ್ನ ಪುಸ್ತಕ ಇದು!”

“ತಾರೀಕು ನೋಡಿದೆ. ಮುಗಿದ ಕೇಸು. ರದ್ದಿ ಅಂತ ಗ್ರಹಿಸಿದೆ.”

“ತಿರುಗಿಸಿ ನೋಡ್ಲಿಕ್ಕೆ ಎಂತ ಆಗಿತ್ತು?”

ಹನ್ನೊಂದು ವರ್ಷದ ಸಂಸಾರದಲ್ಲಿ ಈ ಮನುಷ್ಯ ಏನನ್ನಾದರೂ ತಿರುಗಿಸಿ ನೋಡಿದ್ದುಂಟೇ! ಅಟ್ಟದ ಚಿತ್ರವಂತೂ ಎಣ್ಣೆ ಕುಡಿದು ಹಾಳಾಗಿತ್ತು. ಸುಮಿತ್ರೆಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

ಮೋಹಿನಿ ನೆಲದಲ್ಲಿ ಕುಳಿತು ಒಂದೊಂದೇ ಹಾಳೆಯ ಸುಕ್ಕನ್ನು ಅಂಗೈಯಿಂದ ಸವರಿ ತೆಗೆಯತೊಡಗಿದಳು. ಕೆಳಗಿನ ಸಾಲುಗಳನ್ನು ತುಟಿಯಲ್ಲೇ ಕೂಡಿಸಿ ಓದುತ್ತಿದ್ದಳು. ರಘುರಾಮನೂ ಪೆಚ್ಚಾಗಿ ಪಕ್ಕದಲ್ಲಿ ಕುಳಿತ. ಹದಿನಾಲ್ಕನ್ನೂ ನೋಡಿ ತಲೆ ಎತ್ತಿದ.

“ಅಲ್ಲ ಸುಮಿತ್ರಾ, ಇದರಲ್ಲಿ ನಾನು ಎಲ್ಲಿಯೂ ಇಲ್ವಲ್ಲ?”

ಇಷ್ಟಾದ ಮೇಲೂ ಇವನಿಗೆ ತನ್ನದೇ ಚಿಂತೆ! ಅವಳು ಬಾಯಿ ತೆರೆಯುವುದರೊಳಗೆ ಮೋಹಿನಿ ಹಾಳೆಯನ್ನು ಮಗುಚಿ ಕೇಸುಪಟ್ಟಿ ತೋರಿಸಿದಳು.

“ಅಪ್ಪ, ನೀವು ಆಚೆ ಬದಿಯಲ್ಲಿ ಇದ್ದೀರಿ. ಇದು ಅಮ್ಮನ ಬದಿ.”

ಅಷ್ಟೂ ಕನ್ನಡ. ಗಂಡನಿಗೆಂದು ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಸುಮಿತ್ರೆ ಅಲ್ಲಿಗೇ ಬಿಟ್ಟಳು. ಸೂಜಿ-ದಾರ ಯಾವ ಪೆಟ್ಟಿಗೆಯಲ್ಲಿದೆಯೆಂದು ಹುಡುಕಲು ಅವಳು ಎದ್ದಳು.